ನಾಲ್ಕು ದಿನದ ಟಿಕೆಟ್ಟಿಗೆ ಏಳು ದಿನ

ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ನಾಲ್ಕು ದಿನದ ಟಿಕೆಟ್ ಕೊಂಡರೆ ಅದನ್ನು ಏಳು ದಿನಗಳ ಒಳಗೆ ಬಳಸಬಹುದು. ಐದು ದಿನದ ಟಿಕೆಟ್ಟಿಗೆ ಎಂಟು ದಿನದ ಅವಕಾಶವಿದೆ. ನಡುವೆ ಮೂರು ದಿನ ಖಾಲಿ ಬಿಡಲು ಟಿಕೆಟ್ಟೇ ಅನುಮತಿ ಕೊಟ್ಟಿದೆ. ಆದರೂ ಆ ಮೂರು ದಿನಗಳನ್ನು ಖಾಲಿ ಬಿಡುವವರು ಕಡಿಮೆ. ಫ್ಲಾರಿಡಾದ ಆರ್ಲ್ಯಾಂಡೊಗೆ ಹೊರಡುವ ಕುಟುಂಬಗಳು, ಅದರಲ್ಲೂ ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ನ್ಯೂಜೆರ್ಸಿಯಿಂದಲೋ ಡಲ್ಲಾಸ್‌ನಿಂದಲೋ ಹೊರಡುವ ನಮ್ಮ ಕನ್ನಡದ ಮನೆಗಳವರು, ನಾಲ್ಕು ದಿನ ಡಿಸ್ನಿ, ಎರಡು ದಿನ ಯೂನಿವರ್ಸಲ್, ಕೊನೆಯ ದಿನ ಕೆನಡಿ ಬಾಹ್ಯಾಕಾಶ ಕೇಂದ್ರ ಎಂದು ಏಳೂ ದಿನವನ್ನು ತುಂಬಿಸಿಬಿಡುತ್ತಾರೆ. ಮೂರನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಮಗು ರಚ್ಚೆ ಹಿಡಿದಿರುತ್ತದೆ, ಅಜ್ಜಿಯ ಪಾದ ಊದಿಕೊಂಡಿರುತ್ತದೆ, ಗಂಡ ಹೆಂಡತಿ ಸಾಲಿನಲ್ಲಿ ನಿಂತಲ್ಲೇ ಒಬ್ಬರ ಮೇಲೊಬ್ಬರು ರೇಗುತ್ತಿರುತ್ತಾರೆ. ವರ್ಷವಿಡೀ ರಜೆ ಕೂಡಿಟ್ಟು, ಸಾವಿರಾರು ಡಾಲರ್ ಸುರಿದು ಹೋಗುವ ಪ್ರವಾಸ ಹೀಗಾಗಬಾರದು. ಹೀಗಾಗದಂತೆ ನೋಡಿಕೊಳ್ಳುವುದು ಕಷ್ಟವೂ ಅಲ್ಲ. ಬಿಡುವಿನ ದಿನ ಯಾವುದು ಎಂದು ಮೊದಲು ಗುರುತು ಹಾಕಿ, ಪಾರ್ಕಿನ ದಿನಗಳನ್ನು ಅದರ ಸುತ್ತ ಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಈ ಜಾಗ ಶುರುವಾದದ್ದು ವಿಶ್ರಾಂತಿಯ ಕಲ್ಪನೆಯೊಂದಿಗೇ ಎಂಬುದು ಈಗ ಹೆಚ್ಚಿನವರಿಗೆ ನೆನಪಿಲ್ಲ. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅದರ ಸುತ್ತ ಬೇರೆಯವರ ಮೋಟೆಲುಗಳು ಒತ್ತೊತ್ತಾಗಿ ಎದ್ದವು. ಪಾರ್ಕಿನಿಂದ ಹೊರಗೆ ಕಾಲಿಟ್ಟರೆ ಸಂತೆ. ಫ್ಲಾರಿಡಾದಲ್ಲಿ ಹಾಗಾಗಬಾರದೆಂದು ಅವರ ಕಂಪನಿ ಅರವತ್ತರ ದಶಕದಲ್ಲಿ ಬೇರೆ ಬೇರೆ ಹೆಸರಿನಲ್ಲಿ, ಗುಟ್ಟಾಗಿ, ಸುಮಾರು 27,000 ಎಕರೆ ಜವುಗು ನೆಲ ಕೊಂಡಿತು. ವಾಲ್ಟ್ 1966ರಲ್ಲಿ ತೀರಿಕೊಂಡರು. ಅಣ್ಣ ರಾಯ್ ಡಿಸ್ನಿ ಕೆಲಸ ಮುಗಿಸಿ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆಸಿದರು. ಆವತ್ತು ಅಲ್ಲಿದ್ದದ್ದು ಮ್ಯಾಜಿಕ್ ಕಿಂಗ್‌ಡಮ್ ಎಂಬ ಒಂದೇ ಪಾರ್ಕು. ಜತೆಗೆ ಎರಡು ಹೋಟೆಲು, ದೋಣಿವಿಹಾರಕ್ಕೆಂದೇ ತೋಡಿದ ಕೆರೆ, ಪಕ್ಕದಲ್ಲಿ ಮೊದಲಿಂದಲೂ ಇದ್ದ ಇನ್ನೊಂದು ಕೆರೆ, ಗಾಲ್ಫ್ ಮೈದಾನ; ಮುಂದಿನ ತಿಂಗಳು ಕಾಡಿನ ನಡುವೆ ಡೇರೆ ಹಾಕಿಕೊಂಡು ತಂಗುವ ಫೋರ್ಟ್ ವೈಲ್ಡರ್‌ನೆಸ್ ಕೂಡ ಸೇರಿತು. ಅರ್ಧ ದಿನ ಪಾರ್ಕು, ಇನ್ನರ್ಧ ದಿನ ನೀರಿನ ದಡ ಎನ್ನುವುದು ಆ ಊರಿನ ಮೂಲ ನಕ್ಷೆಯಲ್ಲೇ ಇತ್ತು.

ಆಮೇಲೆ ಪಾರ್ಕುಗಳು ಬೆಳೆದವು. 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎನ್ನುವ ಪಾರ್ಕು, 1998ರಲ್ಲಿ ಅನಿಮಲ್ ಕಿಂಗ್‌ಡಮ್. ಇತ್ತ ಯೂನಿವರ್ಸಲ್ 1990ರಲ್ಲಿ ಒಂದು, 1999ರಲ್ಲಿ ಇನ್ನೊಂದು, 2025ರ ಮೇ ತಿಂಗಳಲ್ಲಿ ಎಪಿಕ್ ಯೂನಿವರ್ಸ್ ಎಂದು ಮತ್ತೊಂದು ತೆರೆಯಿತು. ನೀರಿನ ಪಾರ್ಕುಗಳನ್ನು ಬಿಟ್ಟೇ ಏಳಾದವು. ನೋಡಬೇಕಾದದ್ದು ಏಳು ಪಟ್ಟಾಯಿತು, ಮನುಷ್ಯನಿಗೆ ಸಿಗುವ ರಜೆ ಮಾತ್ರ ಅದೇ ಒಂದು ವಾರ.

ಟಿಕೆಟ್ಟಿನ ರೀತಿಯೂ ಬದಲಾಯಿತು, ಮತ್ತು ನನ್ನ ಮಟ್ಟಿಗೆ ಹೆಚ್ಚು ಕೆಡುಕು ಮಾಡಿದ್ದು ಇದೇ. 1982ರವರೆಗೆ ಡಿಸ್ನಿ ಪಾರ್ಕುಗಳಲ್ಲಿ ಕೂಪನ್ ಪುಸ್ತಕ ಕೊಡುತ್ತಿದ್ದರು. ಎ ಇಂದ ಇ ವರೆಗೆ ದರ್ಜೆ. ಸಣ್ಣ ಆಟಕ್ಕೆ ಎ, ಎಲ್ಲರೂ ಮುಗಿಬೀಳುವ ದೊಡ್ಡ ಆಟಕ್ಕೆ ಇ. ಪುಸ್ತಕ ಮುಗಿದರೆ ಆಟವೂ ಮುಗಿಯಿತು. ಉಳಿದ ಹೊತ್ತು ಬೆಂಚಿನ ಮೇಲೆ ಕೂತು ಐಸ್‌ಕ್ರೀಮ್ ತಿಂದರೆ ಯಾರಿಗೂ ನಷ್ಟವೆನಿಸುತ್ತಿರಲಿಲ್ಲ. ಈಗ ಒಂದೇ ಬೆಲೆ, ದಿನವಿಡೀ ಎಷ್ಟು ಬೇಕಾದರೂ ಆಡಿ. ಗದ್ದಲದ ದಿನಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೆಟ್ ಒಬ್ಬರಿಗೆ 200 ಡಾಲರ್ ಆಸುಪಾಸಿದೆ. ಆರು ಜನರ ಮನೆಯೊಂದು ಅಷ್ಟು ಕೊಟ್ಟು ಒಳಹೊಕ್ಕ ಮೇಲೆ ಬೆಂಚಿನ ಮೇಲೆ ಕೂತ ಪ್ರತಿ ನಿಮಿಷವೂ ಕೈಬಿಟ್ಟ ದುಡ್ಡಿನ ಹಾಗೆ ಕಾಣತೊಡಗುತ್ತದೆ. ಕೊಟ್ಟದ್ದು ವಸೂಲಾಗಬೇಕು ಎಂಬ ಹಟ ನಮ್ಮಲ್ಲಿ ಮೊದಲೇ ಗಟ್ಟಿ. ಅನ್‌ಲಿಮಿಟೆಡ್ ಊಟದ ಎದುರು ಹೊಟ್ಟೆ ಬಿರಿಯುವಷ್ಟು ತಿಂದು ಏಳುವವರು ನಾವು. ಆದರೆ ಡಾಲರ್ ಹೋದದ್ದು ಹೋಯಿತು. ರಾತ್ರಿ ಹನ್ನೊಂದರವರೆಗೆ ಅಳುವ ಮಗುವನ್ನು ಎಳೆದಾಡಿದರೆ ಅದರಲ್ಲಿ ಒಂದು ಸೆಂಟ್ ಕೂಡ ವಾಪಸ್ ಬರುವುದಿಲ್ಲ. ವಾಪಸ್ ಬರಬೇಕಾದದ್ದು ಮಗುವಿನ ಸಂತೋಷ, ಅಜ್ಜ ಅಜ್ಜಿಯ ಜತೆ ಕಳೆದ ಒಂದು ಒಳ್ಳೆಯ ಹೊತ್ತು. ಅದು ಹನ್ನೆರಡು ಆಟಗಳಿಂದಲೂ ಸಿಗಬಹುದು, ನಾಲ್ಕರಿಂದಲೂ ಸಿಗಬಹುದು. ಟಿಕೆಟ್ಟಿನಲ್ಲಿ ಇನ್ನೊಂದು ಸೆಳೆತವೂ ಇದೆ. ದಿನ ಹೆಚ್ಚಾದಷ್ಟೂ ದಿನದ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ. ನಾಲ್ಕಿದ್ದದ್ದನ್ನು ಐದು ಮಾಡಲು ಸ್ವಲ್ಪವೇ ಸಾಕು ಎಂದು ಪರದೆಯ ಮೇಲೆ ಕಂಡಾಗ ಕೈ ತಾನಾಗಿ ಐದನ್ನು ಒತ್ತುತ್ತದೆ. ಅಲ್ಲಿ ಕೈ ತಡೆಯುವುದು ಒಳ್ಳೆಯದು.

ಪಾರ್ಕಿನ ದಣಿವು ಮಾಮೂಲಿ ದಣಿವಲ್ಲ. ಅದು ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದರೆ ಎಲ್ಲಿ ತಡೆಯಬೇಕು ಎಂದೂ ತಿಳಿಯುತ್ತದೆ. ಒಂದು ದಿನಕ್ಕೆ ಹತ್ತು ಕಿಲೋಮೀಟರ್ ನಡಿಗೆ ಅಲ್ಲಿ ಸಾಮಾನ್ಯ. ಎಪ್ಕಾಟ್‌ನಲ್ಲಿ ಹನ್ನೊಂದು ದೇಶಗಳ ಮಂಟಪಗಳಿರುವ ಕೆರೆಯನ್ನು ಒಂದು ಸುತ್ತು ಹಾಕಿದರೇ ಸುಮಾರು ಎರಡು ಕಿಲೋಮೀಟರ್. ಆದರೆ ನಡಿಗೆಗಿಂತ ಕಾಲನ್ನು ಹೆಚ್ಚು ಬಳಲಿಸುವುದು ನಿಂತಿರುವುದು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿಕೊಂಡು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಸಾಲಿನಲ್ಲಿ ಹೆಜ್ಜೆಗೊಮ್ಮೆ ನಿಲ್ಲುತ್ತ ಒಂದು ಗಂಟೆ ಕಳೆದರೆ ಆ ಕೆಲಸ ನಡೆಯದೆ ರಕ್ತ, ನೀರು ಕೆಳಗೇ ಇಳಿದು ಪಾದ ಊದುತ್ತದೆ. ಬಿಪಿ ಮಾತ್ರೆ ನುಂಗುವ ಹಿರಿಯರಲ್ಲಿ ಇದು ಬೇಗ ಕಾಣುತ್ತದೆ. ರೋಲರ್ ಕೋಸ್ಟರ್‌ನಿಂದ ಇಳಿದ ಮೇಲೆ ಬರುವ ತಲೆಸುತ್ತು ಬೇರೆಯದು: ಒಳಗಿವಿ ದೇಹ ತಿರುಗುತ್ತಿದೆ ಎನ್ನುತ್ತದೆ, ಕಣ್ಣು ಇನ್ನೇನೋ ಹೇಳುತ್ತದೆ, ಎರಡರ ವರದಿ ಕೂಡದೆ ಮಿದುಳು ಗಲಿಬಿಲಿಗೊಂಡು ವಾಕರಿಕೆ ಬರುತ್ತದೆ. ದೊಡ್ಡ ಪರದೆಯ ಮುಂದೆ ಕುರ್ಚಿ ಅಲುಗಾಡಿಸುವ ಆಟಗಳಲ್ಲಿ ಇದು ಇನ್ನೂ ಹೆಚ್ಚು. ಅಂಥ ಎರಡು ಆಟಗಳನ್ನು ಬೆನ್ನುಬೆನ್ನಿಗೆ ಇಟ್ಟುಕೊಳ್ಳಬಾರದು. ನಡುವೆ ಒಂದು ಗಂಟೆ ನೆಲದ ಮೇಲಿರಬೇಕು.

ಇನ್ನು ಫ್ಲಾರಿಡಾದ ಬೇಸಿಗೆ. ಅಮೆರಿಕದ ಶಾಲೆಗಳಿಗೆ ರಜೆ ಬರುವುದು ಜೂನ್‌ನಿಂದ ಆಗಸ್ಟ್, ನಮ್ಮ ಅಪ್ಪ ಅಮ್ಮಂದಿರು ಅಲ್ಲಿರುವುದೂ ಹೆಚ್ಚಾಗಿ ಆಗಲೇ. ಮಂಗಳೂರಿನ ಮೇ ತಿಂಗಳ ಸೆಕೆ ಗೊತ್ತಿದ್ದವರಿಗೆ ಆ ಹವೆಯನ್ನು ವಿವರಿಸಬೇಕಿಲ್ಲ. ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದರೆ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಪೂರ್ವಕ್ಕೆ ಅಟ್ಲಾಂಟಿಕ್, ಪಶ್ಚಿಮಕ್ಕೆ ಮೆಕ್ಸಿಕೊ ಕೊಲ್ಲಿ. ಎರಡೂ ಕಡೆಯಿಂದ ಬೀಸುವ ಕಡಲ ಗಾಳಿ ನಡುನಾಡಿನಲ್ಲಿ ಎದುರಾಗಿ ಮೇಲೇರಿ ಮೋಡ ಕಟ್ಟುವುದರಿಂದ ಬೇಸಿಗೆಯ ಬಹುಪಾಲು ಮಧ್ಯಾಹ್ನಗಳಲ್ಲಿ ಗುಡುಗು ಮಳೆ. ಮಿಂಚು ಹತ್ತಿರವಿದ್ದರೆ ಬಯಲಿನ ಆಟಗಳನ್ನು ನಿಲ್ಲಿಸುತ್ತಾರೆ. ಎಲ್ಲರೂ ಸೂರಿನಡಿಯ ಆಟಗಳಿಗೆ ನುಗ್ಗುವುದರಿಂದ ಅಲ್ಲಿನ ಸಾಲು ಉದ್ದವಾಗುತ್ತದೆ. ಅಂದರೆ ಒಂದರಿಂದ ಐದರವರೆಗಿನ ಹೊತ್ತು ದಿನದಲ್ಲೇ ಅತ್ಯಂತ ಕೆಟ್ಟದ್ದು: ಬಿಸಿಲು, ಮಳೆ, ಜನ ಮೂರೂ ಒಟ್ಟಿಗೆ. ಪಾರ್ಕಿನಿಂದ ಹೊರಬೀಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, ದೊಡ್ಡ ಆಟಗಳನ್ನು ಹನ್ನೊಂದರೊಳಗೆ ಮುಗಿಸಿ, ಊಟದ ಹೊತ್ತಿಗೆ ಹೊರಟು, ಮಲಗಿ ಎದ್ದು, ಕಾಫಿ ಕುಡಿದು, ಸಂಜೆ ತಂಪಿನಲ್ಲಿ ಮತ್ತೆ ಹೋಗಬಹುದು. ಅದೇ ಟಿಕೆಟ್ಟಿನಲ್ಲಿ ಅದೇ ದಿನ ಮರುಪ್ರವೇಶವಿದೆ.

ಈ ಸಲಹೆಯನ್ನು ಕೊಡುವವರು ದೂರದ ಲೆಕ್ಕವನ್ನು ಹೇಳುವುದಿಲ್ಲ. ನಮ್ಮವರು ಹೆಚ್ಚಾಗಿ ಇಳಿದುಕೊಳ್ಳುವುದು ಕಿಸ್ಸಿಮಿ, ಡೆವನ್‌ಪೋರ್ಟ್ ಕಡೆಯ ಬಾಡಿಗೆ ಮನೆಗಳಲ್ಲಿ. ಅಡುಗೆಮನೆಯಿದೆ, ಹಿತ್ತಲಲ್ಲಿ ಈಜುಕೊಳವಿದೆ, ಎರಡು ಮೂರು ಕುಟುಂಬ ಒಟ್ಟಿಗಿರಬಹುದು. ಆದರೆ ಮ್ಯಾಜಿಕ್ ಕಿಂಗ್‌ಡಮ್‌ನ ಬಾಗಿಲಿನಲ್ಲಿ ಕಾರು ನಿಲ್ಲಿಸಲಾಗುವುದಿಲ್ಲ. ಕೆರೆಯ ಆಚೆ ದಡದಲ್ಲಿ ನಿಲ್ಲಿಸಿ ಮಾನೊರೈಲು ಅಥವಾ ದೋಣಿ ಹತ್ತಿ ಬರಬೇಕು. ಬಾಡಿಗೆ ಮನೆಗೆ ಹೋಗಿಬರಲು ಎರಡು ಗಂಟೆ ಹಿಡಿದರೆ ಅದು ವಿಶ್ರಾಂತಿಯಾಗದೆ ಇನ್ನೊಂದು ಪ್ರಯಾಣವಾಗುತ್ತದೆ. ಹಾಗಾಗಿ ಹತ್ತಿರದ ಹೋಟೆಲಿನಲ್ಲಿ ಉಳಿದವರು ಮಧ್ಯಾಹ್ನ ಕೋಣೆಗೆ ಹೋಗಲಿ; ದೂರದ ಮನೆಯವರು ಒಂದು ದಿನ ಬಿಟ್ಟು ಒಂದು ದಿನ ಪಾರ್ಕಿಗೆ ಹೋಗಿ, ಹೋದ ದಿನ ಒಳಗೇ ವಿರಾಮ ತೆಗೆದುಕೊಳ್ಳಲಿ. ಮ್ಯಾಜಿಕ್ ಕಿಂಗ್‌ಡಮ್ ಎದುರು ಹೋಟೆಲುಗಳ ಮಾನೊರೈಲು ಹತ್ತಿದರೆ ಪಾಲಿನೇಷಿಯನ್ ಹೋಟೆಲಿನ ಮುಂದೆ ಇಳಿಯಬಹುದು. ಅದರಲ್ಲಿ ಯಾರು ಬೇಕಾದರೂ ಹತ್ತಬಹುದು, ದುಡ್ಡಿಲ್ಲ. ಅಲ್ಲಿನ ತಂಪಾದ ಹಜಾರದಲ್ಲಿ ಅಜ್ಜ ಅರ್ಧ ಗಂಟೆ ಕಣ್ಣು ಮುಚ್ಚಿ ಒರಗಿಕೊಳ್ಳಬಹುದು.

ಪಾರ್ಕಿನ ಒಳಗೂ ಕೂತು ದಣಿವಾರಿಸಿಕೊಳ್ಳುವ ಆಟಗಳಿವೆ. ಮ್ಯಾಜಿಕ್ ಕಿಂಗ್‌ಡಮ್ ಸುತ್ತ ಓಡುವ ಉಗಿಬಂಡಿಯ ಎಂಜಿನ್‌ಗಳು 1916ರಿಂದ 1928ರ ನಡುವೆ ತಯಾರಾದವು. ಮೆಕ್ಸಿಕೊದ ಯುಕಟಾನ್ ಪ್ರಾಂತ್ಯದಲ್ಲಿ ದುಡಿದು ಇಲ್ಲಿಗೆ ಬಂದವು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಜ್ಜನಿದ್ದರೆ ಅವರಿಗೆ ಇಡೀ ಪಾರ್ಕಿನಲ್ಲಿ ಇದೊಂದೇ ಸಾಕಾಗಬಹುದು. ಟುಮಾರೊಲ್ಯಾಂಡ್ ಭಾಗದ ಮೇಲುಸೇತುವೆಯಲ್ಲಿ ನಿಧಾನಕ್ಕೆ ಸಾಗುವ ಪೀಪಲ್‌ಮೂವರ್ 1975ರದ್ದು. ಗಾಳಿಗೆ ಮುಖವೊಡ್ಡಿ ಹತ್ತು ನಿಮಿಷ ಕೂರಬಹುದು. ಆದರೆ ಹತ್ತುವಾಗ ಚಲಿಸುವ ಪಟ್ಟಿಯ ಮೇಲೆ ಕಾಲಿಡಬೇಕು, ಮಂಡಿನೋವಿನವರು ನೋಡಿಕೊಂಡು ಹತ್ತಬೇಕು. ಇಂಥ ಜಾಗಗಳು ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. 1973ರಿಂದ ಇದ್ದ ಟಾಮ್ ಸಾಯರ್ ದ್ವೀಪವನ್ನೂ ಅದರ ಸುತ್ತಲಿನ ನದಿಯನ್ನೂ ಹಬೆ ದೋಣಿಯನ್ನೂ 2025ರ ಜುಲೈನಲ್ಲಿ ಮುಚ್ಚಿದರು, ಕಾರುಗಳ ಕತೆಯ ಹೊಸ ಆಟಗಳಿಗೆ ಜಾಗ ಮಾಡಲು. ತೆಪ್ಪದಲ್ಲಿ ದಾಟಿ ಹೋಗಿ ಮಕ್ಕಳನ್ನು ಓಡಾಡಲು ಬಿಟ್ಟು ದೊಡ್ಡವರು ನೆರಳಲ್ಲಿ ಕೂರುತ್ತಿದ್ದ ಜಾಗವದು. ಪಾರ್ಕು ತಾನಾಗಿ ನೆರಳು ಕೊಡದಿದ್ದರೆ ನಾವೇ ಹುಡುಕಿಕೊಳ್ಳಬೇಕಾಗುತ್ತದೆ.

ಫೋನಿನ ಮಾತೂ ಇದೆ. ಉದ್ದ ಸಾಲು ತಪ್ಪಿಸಲೆಂದು 1999ರಲ್ಲಿ ಬಂದ ಫಾಸ್ಟ್‌ಪಾಸ್ ಪುಕ್ಕಟೆಯಾಗಿತ್ತು. ಈಗಿನ ಲೈಟ್ನಿಂಗ್ ಲೇನ್‌ಗೆ ದುಡ್ಡು ಕೊಡಬೇಕು. ಡಿಸ್ನಿ ಹೋಟೆಲಿನಲ್ಲಿ ಉಳಿದವರು ಏಳು ದಿನ ಮೊದಲು, ಉಳಿದವರು ಮೂರು ದಿನ ಮೊದಲು ಹೊತ್ತು ಕಾದಿರಿಸಬಹುದು. ಮನೆಯಲ್ಲಿ ಒಬ್ಬರು ದಿನವಿಡೀ ತಲೆಬಗ್ಗಿಸಿ ಫೋನಿನಲ್ಲಿ ಅದನ್ನು ಕಾದಿರಿಸುವ ಆಪ್ ನೋಡುತ್ತಲೇ ಇರುತ್ತಾರೆ. ಮಗ ಮೊದಲ ಸಲ ಮಿಕ್ಕಿ ಮೌಸ್ ಕೈ ಹಿಡಿದದ್ದನ್ನು ಅವರು ಆಮೇಲೆ ಫೋಟೊದಲ್ಲಿ ನೋಡುತ್ತಾರೆ. ಗದ್ದಲದ ಒಂದು ದಿನಕ್ಕೆ ಮಾತ್ರ ಲೈಟ್ನಿಂಗ್ ಲೇನ್ ಕೊಂಡು, ಮೂರು ಆಟ ಮೊದಲೇ ನಿಗದಿ ಮಾಡಿ, ಫೋನ್ ಚೀಲದೊಳಗೆ ಇಟ್ಟುಬಿಡುವುದು ಮೇಲು. ಪುಟ್ಟ ಮಗುವಿದ್ದರೆ ರೈಡರ್ ಸ್ವಿಚ್ ಕೇಳಿ. ಸ್ಪೇಸ್ ಮೌಂಟನ್‌ಗೆ 112 ಸೆಂಟಿಮೀಟರ್ ಎತ್ತರ ಬೇಕು. ಅಷ್ಟಿಲ್ಲದ ಮಗುವಿನೊಂದಿಗೆ ಅಮ್ಮ ಹೊರಗಿದ್ದು ಅಪ್ಪ ಹೋಗಿ ಬಂದರೆ, ಅಮ್ಮ ಮತ್ತೆ ಉದ್ದ ಸಾಲಿನಲ್ಲಿ ನಿಲ್ಲದೆ ಹೋಗಬಹುದು. ಇದಕ್ಕೆ ದುಡ್ಡಿಲ್ಲ. ಊಟವನ್ನೂ ಒಯ್ಯಬಹುದು. ಗಾಜಿನ ಬಾಟಲಿ, ಮದ್ಯ ಕೂಡದು ಅಷ್ಟೆ. ಚಪಾತಿ, ಪುಳಿಯೋಗರೆಗೆ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ತುತ್ತು ಸಿಗುವುದು ಯಾವ ಆಟಕ್ಕಿಂತಲೂ ಮುಖ್ಯ.

ಹಿರಿಯರನ್ನು ಸುಸ್ತಾಯಿತೇ ಎಂದು ಕೇಳಿ ಪ್ರಯೋಜನವಿಲ್ಲ. "ಇಲ್ಲಪ್ಪ, ನಾನು ಚೆನ್ನಾಗಿದ್ದೀನಿ, ನೀವು ನೋಡಿಕೊಂಡು ಬನ್ನಿ" ಎಂದೇ ಅವರ ಉತ್ತರ. ಮಗ ಸೊಸೆಗೆ ಹೊರೆಯಾಗಬಾರದು, ಮೊಮ್ಮಕ್ಕಳ ಖುಷಿಗೆ ತಡೆಯಾಗಬಾರದು ಎಂಬುದು ಅವರ ಮನಸ್ಸು. ವೀಲ್‌ಚೇರ್ ತರೋಣವೇ ಎಂದರೆ "ನನಗೇನಾಗಿದೆ?" ಎನ್ನುತ್ತಾರೆ. ಆದ್ದರಿಂದ ಕೇಳುವ ಬದಲು ಮೊದಲೇ ನಿಗದಿ ಮಾಡಬೇಕು. ಒಂದು ಗಂಟೆಗೆ ಎಲ್ಲರೂ ಹೊರಡುತ್ತೇವೆ, ಮಕ್ಕಳಿಗೆ ನಿದ್ದೆ ಬೇಕು ಎಂದು ಹೇಳಿದರೆ ಯಾರ ಮರ್ಯಾದೆಗೂ ಕುಂದಿಲ್ಲ. ಎಲ್ಲ ಹೊತ್ತೂ ಎಲ್ಲರೂ ಒಟ್ಟಿಗಿರಬೇಕು ಎಂಬ ನಮ್ಮ ಪದ್ಧತಿಯನ್ನೂ ಸ್ವಲ್ಪ ಸಡಿಲಿಸಬೇಕು. ದೊಡ್ಡ ಮಗಳೂ ಅಪ್ಪನೂ ಹಾಲಿವುಡ್ ಸ್ಟುಡಿಯೋಸ್‌ಗೆ ಹೋದ ದಿನ ಉಳಿದವರು ಮನೆಯಲ್ಲಿದ್ದರೆ ಸಂಸಾರ ಒಡೆದಂತಲ್ಲ. ಹಾಗೆಂದು ಮೊಮ್ಮಗುವನ್ನು ನೋಡಿಕೊಳ್ಳುವ ಕೆಲಸವನ್ನು ದಿನವಿಡೀ ಅಜ್ಜಿಗೆ ವಹಿಸಿ ಅದನ್ನೇ ಅವರ ವಿಶ್ರಾಂತಿ ಎನ್ನುವುದು ಸರಿಯಲ್ಲ.

ಇದಕ್ಕಿಂತ ಮುಖ್ಯವಾದದ್ದು ಅಡುಗೆಮನೆಯ ಪ್ರಶ್ನೆ. ಬಿಡುವಿನ ದಿನ ಅಂದರೆ ಗಂಡಸರೂ ಮಕ್ಕಳೂ ಈಜುಕೊಳದಲ್ಲಿ, ಹೆಂಗಸರು ಒಲೆಯ ಮುಂದೆ. ಬೆಳಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ನಾಳೆಗೆ ಕಟ್ಟಿಕೊಂಡು ಹೋಗಲು ಚಪಾತಿ, ಜತೆಗೆ ಮೂರು ದಿನದ ಬಟ್ಟೆ ಒಗೆತ. ಪಾರ್ಕಿನ ದಿನವೇ ವಾಸಿ ಎನಿಸಿದರೆ ಆ ತಾಯಿಯ ತಪ್ಪಲ್ಲ. ಬಿಡುವಿನ ದಿನವನ್ನು ಗುರುತು ಹಾಕುವಾಗ ಆ ದಿನದ ಊಟ ಯಾರದ್ದು ಎಂದೂ ಬರೆದಿಡಬೇಕು. ಹೊರಗಿನಿಂದ ತರಿಸಲಿ, ಅಥವಾ ಅಪ್ಪ ಮಗ ಸೇರಿ ಚಿತ್ರಾನ್ನ ಕಲಸಲಿ. ಹೊರಗೆ ಹೋಗುವುದಾದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಹೋಟೆಲಿನ ಸನಾ ಎಂಬ ಊಟದ ಮನೆಯನ್ನು ನಾನು ಹೇಳುತ್ತೇನೆ. ಪಾರ್ಕಿನ ಟಿಕೆಟ್ ಬೇಕಿಲ್ಲ. ನಮ್ಮ ಕಡೆಯ ನಾನ್, ಚಟ್ನಿಗಳ ರುಚಿ ಬೆರೆತ ಅಡುಗೆ. ಕಿಟಕಿಯ ಆಚೆ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ. 60 ದಿನ ಮೊದಲೇ ಜಾಗ ಕಾದಿರಿಸಬಹುದು.

ಆರ್ಲ್ಯಾಂಡೊದ ಸುತ್ತಣ ನೆಲವೂ ನೋಡುವಂಥದ್ದು ಎಂಬುದು ಪಾರ್ಕುಗಳ ಅಬ್ಬರದಲ್ಲಿ ಮರೆತೇಹೋಗಿದೆ. ಸುಣ್ಣಕಲ್ಲಿನ ಪದರದಿಂದ ಉಕ್ಕುವ ಬುಗ್ಗೆಗಳು ಅಲ್ಲಿ ಹಲವಿವೆ. ವರ್ಷವಿಡೀ ನೀರು 22 ಡಿಗ್ರಿ ಸೆಲ್ಸಿಯಸ್, ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ವೆಕೈವಾ ಬುಗ್ಗೆ ಊರಿಗೆ ಹತ್ತಿರ. ವಾರಾಂತ್ಯದಲ್ಲಿ ಬೇಗ ತುಂಬಿ ಗೇಟು ಹಾಕುವುದರಿಂದ ವಾರದ ದಿನ ಹೋಗಬೇಕು. ಉತ್ತರಕ್ಕಿರುವ ಬ್ಲೂ ಸ್ಪ್ರಿಂಗ್‌ಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ನದಿ ತಣ್ಣಗಾದಾಗ, ಮ್ಯಾನಟಿ ಎಂಬ ದೈತ್ಯ ಸಾಧುಪ್ರಾಣಿಗಳು ಬೆಚ್ಚನೆಯ ನೀರು ಹುಡುಕಿಕೊಂಡು ಬರುತ್ತವೆ. ಆಗ ಅಲ್ಲಿ ಈಜುವ ಹಾಗಿಲ್ಲ, ಮರದ ಅಟ್ಟಣೆಯ ಮೇಲಿಂದ ನೋಡಬೇಕು. ವಿಂಟರ್ ಪಾರ್ಕ್‌ನಲ್ಲಿ ಕೆರೆಯಿಂದ ಕೆರೆಗೆ ಕಾಲುವೆಯಲ್ಲಿ ಸಾಗುವ ದೋಣಿ 1938ರಿಂದ ನಡೆಯುತ್ತಿದೆ; ಒಂದು ಗಂಟೆಯ ಪಯಣ, ಸಾಲಿಲ್ಲ, ಸದ್ದಿಲ್ಲ. ಇವೂ ಕೂಡ ಒಂದು ದಿನಕ್ಕೆ ಒಂದೇ. ಬೆಳಗ್ಗೆ ಬುಗ್ಗೆ, ಮಧ್ಯಾಹ್ನ ದೋಣಿ, ಸಂಜೆ ಔಟ್‌ಲೆಟ್ ಮಾಲ್ ಎಂದು ಜೋಡಿಸಿದರೆ ಬಿಡುವಿನ ದಿನವೂ ಪಾರ್ಕಿನ ದಿನದಂತೆಯೇ ಆಗುತ್ತದೆ.

ನಮ್ಮ ಮೈಸೂರು ರಸ್ತೆಯಲ್ಲೂ ನಡೆಯುತ್ತಿರುವುದು ಇದೇ. ಬಿಡದಿಯ ಹತ್ತಿರ ವಂಡರ್‌ಲಾ 2005ರಿಂದ ಇದೆ. ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ರಾತ್ರಿ ಬಸ್ಸಿನಲ್ಲಿ ಬಂದು, ಮುಖ ತೊಳೆದುಕೊಂಡು ನೇರ ಅಲ್ಲಿಗೆ ಹೋಗಿ, ಸಂಜೆ ಒದ್ದೆ ಕೂದಲಲ್ಲೇ ಮೈಸೂರಿಗೆ ಹೊರಟು, ಮರುದಿನ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಬೃಂದಾವನ ಮುಗಿಸಿ ಮತ್ತೆ ರಾತ್ರಿ ಬಸ್ಸು ಹತ್ತುವ ಕುಟುಂಬಗಳಿವೆ. ಎರಡು ದಿನ ರಜೆ ಸಿಗುವುದೇ ಹೆಚ್ಚು ಎನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ಅವರಿಗೂ ಹೇಳುವುದು ಇಷ್ಟೇ: ವಂಡರ್‌ಲಾದ ದಿನ ವಂಡರ್‌ಲಾ ಮಾತ್ರ ಇರಲಿ, ರಾತ್ರಿ ಹತ್ತಿರದಲ್ಲೇ ತಂಗಿ. ಮರುದಿನ ತಡವಾಗಿ ಎದ್ದು ತಟ್ಟೆ ಇಡ್ಲಿ ತಿಂದು, ರಾಮನಗರದ ಜಾನಪದ ಲೋಕದಲ್ಲಿ ಎರಡು ಗಂಟೆ ನೆರಳಲ್ಲಿ ಅಡ್ಡಾಡಿ, ಚನ್ನಪಟ್ಟಣದಲ್ಲಿ ಮಗುವಿಗೊಂದು ಮರದ ಬುಗುರಿ ಕೊಂಡು ಊರಿನ ದಾರಿ ಹಿಡಿಯಿರಿ. ಮೈಸೂರನ್ನು ಮುಂದಿನ ವರ್ಷದ ರಜೆಗೆ ಇಟ್ಟುಕೊಳ್ಳಿ. ಆಗ ಭಾನುವಾರ ಸಂಜೆಗೆ ಅಲ್ಲಿರುವಂತೆ ಹೊರಡಿ, ಅರಮನೆಯ ದೀಪ ಹಚ್ಚುವುದು ಆವತ್ತು.